ವೀಸಾದವರು ಕೇಳಿದ ಮಕ್ಕಳ ಲೆಕ್ಕ

ಆಸ್ಟ್ರೇಲಿಯಾಕ್ಕೆ ಬಂದು ನಮ್ಮ ಜೊತೆಗೇ ಇದ್ದುಬಿಡಿ ಎಂದು ದೊಡ್ಡ ಮಗಳು ಫೋನಿನಲ್ಲಿ ಹೇಳಿದ ದಿನದಿಂದ ನಮ್ಮ ಮನೆಯಲ್ಲಿ ತಲೆ ನೆಟ್ಟಗಿದ್ದವಳು ನಾನೊಬ್ಬಳೇ. ಜಂಬ ಅನ್ನುತ್ತೀರಾ, ಅನ್ನಿ. ನಮ್ಮ ಯಜಮಾನರು ಮರುದಿನವೇ ಜಹೀರಾಬಾದಿಗೆ ಹೋಗಿ ಎರಡು ಸ್ವೆಟರು ತಂದರು. ಅರ್ಜಿ ಎಲ್ಲಿ ಹಾಕಬೇಕು ಎಂಬುದೇ ಗೊತ್ತಿಲ್ಲ, ಕೂಸು ಹುಟ್ಟುವ ಮುಂಚೆ ಕುಲಾವಿ. ನಾರಾಯಣಖೇಡದ ಬಿಸಿಲಿನಲ್ಲಿ ಒಂದನ್ನು ತೊಟ್ಟುಕೊಂಡು ಕನ್ನಡಿ ಮುಂದೆ ನಿಂತು, "ಟೀಚರಮ್ಮ, ಹ್ಯಾಂಗ ಕಾಣ್ಲತ್ತೀನಿ?" ಎಂದು ಕೇಳಿದರು. "ಉಣ್ಣೆ ಕತ್ತರಿಸದ ಟಗರು ಕಂಡಂಗ ಕಾಣ್ಲತ್ತೀರಿ" ಎಂದೆ. ಕುರಿ ಸಾಕಿದ ಮನೆತನದವರು, ಹೊಗಳಿಕೆ ಎಂದೇ ತಿಳಿದರು.

ನಾನು ತೆಲುಗು ಸೀಮೆಯ ಈ ಗಡಿ ಊರುಗಳ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಅವರು ಬಸ್ ಕಂಡಕ್ಟರ್ ಆಗಿದ್ದವರು. ಊರಿಗೆಲ್ಲ ಟಿಕೆಟ್ ಹರಿದು ಕೊಟ್ಟ ಮನುಷ್ಯ ಈಗ ತನಗೊಂದು ಟಿಕೆಟ್ ಸಿಕ್ಕರೆ ಸಾಕು ಎಂದು ಕಂಡಕಂಡವರ ಕೈ ಹಿಡಿಯತೊಡಗಿದರು. ದೊಡ್ಡ ಮಗಳು ಅಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಅವಳಿಗೆ ಒಂದು ಹೆಣ್ಣು ಕೂಸು, ಇನ್ನೊಂದು ಹೊಟ್ಟೆಯಲ್ಲಿ. ಚಿಕ್ಕ ಮಗಳನ್ನು ತಾಂಡೂರಿಗೆ ಕೊಟ್ಟಿದ್ದೇವೆ. ಮಗ ಹೆಂಡತಿ ಮಕ್ಕಳೊಡನೆ ನಮ್ಮ ಜೊತೆಗೇ ನಾರಾಯಣಖೇಡದಲ್ಲಿದ್ದಾನೆ. ಸರಕಿನ ಗಾಡಿ ಇಟ್ಟುಕೊಂಡು ಇಲ್ಲಿನ ಮಾರ್ಕೆಟ್ಟಿನಿಂದ ತಾಂಡೂರಿನ ದಾಲ್ ಮಿಲ್ಲುಗಳಿಗೆ ತೊಗರಿ ಸಾಗಿಸುತ್ತಾನೆ. ಅವನ ಗಾಡಿ ಮನೆ ಮುಂದೆ ನಿಂತರೆ ಓಣಿಗೆಲ್ಲ ತೊಗರಿಯ ಧೂಳು.

ಸುದ್ದಿ ಹಬ್ಬಿದ್ದೇ ತಡ, ನೆಂಟರೆಲ್ಲ ರಾತ್ರಿ ಬೆಳಗಾಗುವುದರೊಳಗೆ ವಿದೇಶಾಂಗ ಮಂತ್ರಿಗಳಾದರು. ಝರಾಸಂಗಮದ ಬೀಗರೊಬ್ಬರು ಬಂದು, ಅಲ್ಲಿ ಖಾರಪುಡಿ ಸಿಗುವುದಿಲ್ಲ, ಎರಡು ಕಿಲೋ ಒಯ್ಯಿರಿ ಎಂದರು. ಅವರು ಹೈದರಾಬಾದು ದಾಟಿದವರಲ್ಲ. ನ್ಯಾಲ್ಕಲ್ ಕಡೆಯ ನಾದಿನಿ ನನ್ನ ಕೊರಳನ್ನೇ ನೋಡುತ್ತಾ, "ವೈನಿ, ಬಂಗಾರ ಅಲ್ಲಿಗಿ ಒಯ್ಯಬ್ಯಾಡ್ರಿ, ಏರ್‌ಪೋರ್ಟಿನಾಗ ಕಸ್ಕೊತಾರ, ನನ್ ಬಲ್ಲಿ ಇಡ್ರಿ" ಎಂದಳು. ಏರ್‌ಪೋರ್ಟಿನವರು ಕಸಿದುಕೊಂಡರೆ ರಸೀದಿಯನ್ನಾದರೂ ಕೊಟ್ಟಾರು, ನಿನ್ನ ಬಲ್ಲಿ ಇಟ್ಟರೆ ಅದೂ ಇಲ್ಲ ಎಂದು ಬಾಯಿಗೆ ಬಂದದ್ದನ್ನು ಚಹಾದ ಜೊತೆ ನುಂಗಿದೆ. ಅವಳಿಗೆ ಎರಡನೇ ಕಪ್ಪು ಕೊಡಲಿಲ್ಲ.

ನಮ್ಮವರು ಜಹೀರಾಬಾದಿನಲ್ಲಿ ಒಬ್ಬ ವೀಸಾ ಏಜೆಂಟನನ್ನು ಹಿಡಿದರು. ಮೊಬೈಲ್ ಅಂಗಡಿಯ ಮೇಲಿನ ಕೋಣೆ. ಗೋಡೆಯ ಮೇಲೊಂದು ಕಾಂಗರೂ ಪಟ, ಅದರ ಕೆಳಗೆ ಊದಿನಕಡ್ಡಿ. ಕಾಂಗರೂವಿಗೂ ಪೂಜೆ ಸಲ್ಲುವುದನ್ನು ನಾನು ಅಲ್ಲಿಯೇ ಕಂಡದ್ದು. ಏಜೆಂಟ್ ಅರ್ಧ ಉರ್ದು, ಅರ್ಧ ತೆಲುಗು ಬೆರೆಸಿದ ನಮ್ಮ ಕನ್ನಡದಲ್ಲಿ ಶುರು ಮಾಡಿದ.

"ಅಮ್ಮಾ, ಎರಡು ಲೈನ್ ಅವ. ಒಂದು ಸಸ್ತಾ ಲೈನ್. ಅದರಾಗ ನಿಂತ್ರ ಮೂವತ್ತು ವರ್ಷ ಹಿಡೀತದ."

"ಮೂವತ್ತು ವರ್ಷ! ಇವ್ರಿಗಿ ಈಗೇ ಎಪ್ಪತ್ತರ ಹತ್ರ ಬಂದಾವ. ವೀಸಾ ಸುಡಗಾಡಕ್ಕ ತಂದ್ ಕೊಡ್ತಾರೇನ್ರಿ?"

ಅವನು ನಗಲಿಲ್ಲ. ಇನ್ನೊಂದು ರೊಕ್ಕದ ಲೈನು ಎಂದ. ಅದಕ್ಕೂ ವರ್ಷಗಳು ಹಿಡಿಯುತ್ತವೆ, ಆದರೆ ಯಜಮಾನರಿಗೆ ವಯಸ್ಸಾಗಿರುವುದರಿಂದ ಮೊದಲು ಮಗಳನ್ನು ನೋಡಲು ಹೋಗಿ, ಅಲ್ಲಿಂದಲೇ ಅರ್ಜಿ ಹಾಕಿ, ಉತ್ತರ ಬರುವ ತನಕ ಅಲ್ಲೇ ಇರಬಹುದಂತೆ. ಮುದುಕನಾದದ್ದಕ್ಕೂ ಒಂದು ಮಾನ್ಯತೆ ಸಿಕ್ಕಿತಲ್ಲ ಎಂದು ನಮ್ಮವರ ಎದೆ ಉಬ್ಬಿತು. ಶುಲ್ಕ ಮಾತ್ರ ತಲೆಗಿಷ್ಟು. ಜಹೀರಾಬಾದಿನಲ್ಲಿ ನಮಗಿರುವ ಪ್ಲಾಟು ಮಾರಿ, ನಿವೃತ್ತಿಯ ಹಣವನ್ನೆಲ್ಲ ಬಳಿದು ಹಾಕಿದರೆ ಒಂದು ತಲೆಗೆ ಆಗುತ್ತದೆ, ಇನ್ನೊಂದು ತಲೆ ಮಗಳ ಪಾಲು. ಅದು ಸಾಲದು ಎಂದು, ನಾವು ಆ ಸರ್ಕಾರದ ಮುಂದೆ ಕೈ ಒಡ್ಡುವುದಿಲ್ಲ ಅನ್ನುವ ಖಾತರಿಗೆ ಮಗಳು ಬ್ಯಾಂಕಿನಲ್ಲಿ ಠೇವಣಿ ಬೇರೆ ಇಡಬೇಕು, ಹತ್ತು ವರ್ಷ ಮುಟ್ಟುವ ಹಾಗಿಲ್ಲ. ಮೇಲೆ ಡಾಕ್ಟರ ತಪಾಸಣೆ. ನಮ್ಮ ಮೂತ್ರಪಿಂಡ ಎಷ್ಟು ದಿನ ಬಾಳೀತು, ಎದೆ ಎಷ್ಟು ಗಟ್ಟಿ, ಅವರ ಆಸ್ಪತ್ರೆಗೆ ಎಷ್ಟು ಖರ್ಚು ತಂದೇವು ಎಂದೆಲ್ಲ ನೋಡುತ್ತಾರಂತೆ. ಸಂತೆಯಲ್ಲಿ ಕುರಿಯ ಬಾಯಿ ಅಗಲಿಸಿ ಹಲ್ಲು ನೋಡಿ ಕೊಳ್ಳುತ್ತಾರಲ್ಲ, ಹಾಗೆ. ಆದರೆ ಸಂತೆಯಲ್ಲಿ ಕೊಳ್ಳುವವನು ರೊಕ್ಕ ಕೊಡುತ್ತಾನೆ. ಇಲ್ಲಿ ಕುರಿಯೇ ಕೊಡಬೇಕು.

ಇಷ್ಟಕ್ಕೂ ನಮ್ಮವರು ಹೂಂ ಹೂಂ ಎಂದು ತಲೆ ಆಡಿಸಿದರು. ಮೊಮ್ಮಗಳ ಮುಖ ಕಂಡಿರುವುದು ಅಂಗೈಯಗಲದ ಫೋನಿನಲ್ಲಿ ಮಾತ್ರ. ಅದು 'ಅಜ್ಜಾ' ಎಂದು ಪರದೆಗೆ ಮುತ್ತು ಕೊಟ್ಟರೆ ಇವರು ಫೋನನ್ನು ಕೆನ್ನೆಗೆ ಒತ್ತಿಕೊಂಡು ಕೂರುತ್ತಿದ್ದರು. ಅದನ್ನು ಕಂಡು ನಾನು ಎಷ್ಟು ಗೇಲಿ ಮಾಡಿದ್ದೇನೋ, ಅಷ್ಟೇ ಹೊಟ್ಟೆ ಉರಿದುಕೊಂಡಿದ್ದೇನೆ. ನನಗೂ ಹೋಗುವ ಆಸೆ ಇತ್ತು. ಯಾಕೆ ಇರಬಾರದು?

ಆಮೇಲೆ ಏಜೆಂಟ್ ಪೆನ್ನು ಹಿಡಿದು ಕೇಳಿದ. "ಬಚ್ಚೆ ಎಷ್ಟು ಮಂದಿ, ಅಮ್ಮಾ?"

"ಮೂವರು."

"ಅಲ್ಲಿ ಎಷ್ಟು ಮಂದಿ?"

"ಒಬ್ಬಾಕಿ."

ಪೆನ್ನು ಕೆಳಗಿಟ್ಟ. "ಕೆಲಸ ಕೆಡ್ತು ನೋಡ್ರಿ. ಮಕ್ಕಳೊಳಗ ಅರ್ಧ ಮಂದಿಯಾದರೂ ಅಲ್ಲಿರಬೇಕು, ಅದು ಅವ್ರ ಕಾಯ್ದೆ. ಒಬ್ಬಾಕಿ ಅಲ್ಲಿ, ಒಬ್ಬಾಕಿ ಇಲ್ಲಿ ಇದ್ರ ನಡೀತಿತ್ತು. ಮೂರರಾಗ ಒಂದು ನಡೆಯಂಗಿಲ್ಲ."

ಎಂಥ ಕಾಯ್ದೆ! ಇಲ್ಲಿ ಹೆಚ್ಚು ಮಕ್ಕಳಿದ್ದರೆ ಅವರೇ ನೋಡಿಕೊಳ್ಳಲಿ, ನಮಗೇಕೆ ಈ ಮುದಿ ಸರಕು ಎಂದಂತೆ. ನಾನು ಸೆರಗು ಸರಿಮಾಡಿಕೊಂಡು ಏಳುತ್ತಿದ್ದೆ. ಬಸ್ಸಿನಲ್ಲಿ ಯಾರ ಮಾತನ್ನೂ ಪೂರ್ತಿ ಮಾಡಗೊಡದೆ ಬದುಕಿದ ನಮ್ಮವರು ಬಾಯಿ ಹಾಕಿದರು. "ಹುಡುಗ ನಮ್ಮ ಹೊಟ್ಟೀಲಿ ಹುಟ್ಟಿದಾಂವ ಅಲ್ರಿ. ನಮ್ಮ ಅಣ್ಣನ ಮಗ."

ಏಜೆಂಟನ ಮುಖ ಅರಳಿತು. "ಅರೇ, ಮೊದಲ ಹೇಳಬ್ಯಾಡೇನ್ರಿ? ದತ್ತಕದ ಕಾಗದ ಮಾಡೀರೇನು?"

ಯಾವ ಕಾಗದವೂ ಇರಲಿಲ್ಲ. ಅವನು ಎಂಟು ತಿಂಗಳ ಕೂಸಾಗಿದ್ದಾಗ ನನ್ನ ನೆಗೆಣ್ಣಿ ತೀರಿಕೊಂಡಳು. ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ಬಾವನೂ ಹೋದರು. ದೊಡ್ಡ ಮಗಳು ಆಗ ನನ್ನ ಮಡಿಲಲ್ಲಿದ್ದಳು. ಇಬ್ಬರಿಗೂ ಹಾಲು ಕೊಟ್ಟೆ, ಒಂದು ಕಡೆ ಅವಳು, ಒಂದು ಕಡೆ ಅವನು. ಅವನು ಕಚ್ಚುತ್ತಿದ್ದ, ಇವಳು ಒದೆಯುತ್ತಿದ್ದಳು. ಶಾಲೆಗೆ ಸೇರಿಸುವಾಗ ತಂದೆಯ ಹೆಸರಿನ ಮುಂದೆ ನಮ್ಮವರ ಹೆಸರು, ತಾಯಿಯ ಹೆಸರಿನ ಮುಂದೆ ನನ್ನದು ಬರೆದವಳು ನಾನೇ. ನಮ್ಮ ಕಡೆ ಹಾಗೆ ಬರೆಯದ ಮನೆ ಯಾವುದಿದೆ? ತಬ್ಬಲಿ ಎಂದು ಬರೆಸಿ ಆ ಕೂಸನ್ನು ತರಗತಿಯಲ್ಲಿ ಕೂರಿಸಬೇಕಿತ್ತೇ? ಶಾಲೆಯಿಂದ ರೇಷನ್ ಕಾರ್ಡಿಗೆ, ಅಲ್ಲಿಂದ ಆಧಾರಿಗೆ, ನಮ್ಮ ಮಗನಾಗಿಯೇ ಬಂದ. ದತ್ತು ತೆಗೆದುಕೊಳ್ಳಬೇಕು ಎಂದು ನಮಗೆ ಹೊಳೆಯಲೇ ಇಲ್ಲ. ಮನೆಯಲ್ಲಿರುವವನನ್ನು ಎಲ್ಲಿಂದ ತೆಗೆದುಕೊಳ್ಳುವುದು?

"ಒಂದು ಅಫಿಡವಿಟ್ ಸಾಕು" ಎಂದ ಏಜೆಂಟ್. "ಇಂವ ನಮ್ಮ ಮಗ ಅಲ್ಲ ಅಂತ ಇಬ್ಬರೂ ಸಹಿ ಹಾಕ್ರಿ. ರೇಷನ್ ಕಾರ್ಡಿನಾಗ ಬರೆದದ್ದು ತಪ್ಪಾಗ್ಯಾದ ಅಂತ ಹೇಳಮು. ಸುಳ್ಳಲ್ಲ ಅಮ್ಮಾ, ಖರೆನೇ ಅದಲ್ಲ!"

ನನಗೆ ಮೈ ಉರಿದದ್ದು ಅದಕ್ಕೇ. ಸುಳ್ಳಾಗಿದ್ದರೆ ಅವನ ಕಾಂಗರೂವಿನ ಮುಂದೆಯೇ ಅವನಿಗೆ ಮಂಗಳಾರತಿ ಎತ್ತಿ ಬರುತ್ತಿದ್ದೆ. ಖರೆ ಎನ್ನುವುದೊಂದನ್ನು ಕೈಯಲ್ಲಿ ಹಿಡಿದುಕೊಂಡು ಕೂತವನಿಗೆ ಏನು ಹೇಳುವುದು?

ದೊಡ್ಡ ಮಗಳಿಗೆ ಫೋನು ಮಾಡಿದೆ. ಏಜೆಂಟ್ ನನಗಿಂತ ಮೊದಲೇ ಅವಳಿಗೆ ಎಲ್ಲ ತಿಳಿಸಿದ್ದ.

"ಅವ್ವಾ, ಸುಳ್ಳು ಬರಿ ಅನ್ಲತ್ತಿಲ್ಲ ನಾ. ಇದ್ದದ್ದೇ ಬರಿ. ಅವ ದೊಡ್ಡಪ್ಪನ ಮಗ ಹೌದಲ್ಲೋ?"

"ಹೌದವ್ವಾ, ಹೌದು. ನಿನ್ನ ಪಾಲಿನ ಹಾಲು ಅವ ಕುಡದಾನೋ, ಅವನ ಪಾಲಿಂದು ನೀ ಕುಡದೀಯೋ, ಅದ್ನೂ ಬರೀಲೇನು ನಿಮ್ಮ ಸರ್ಕಾರಕ್ಕ?"

ಅವಳು ಅತ್ತಳು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು, ಕೂಸಿಗೆ ಉಣಿಸಿ, ಹೊಟ್ಟೆ ಹೊತ್ತುಕೊಂಡು ಮತ್ತೆ ಅಡುಗೆಗೆ ನಿಲ್ಲುತ್ತಾಳೆ. "ಹೆರಿಗಿ ಆದಮ್ಯಾಲ ಇಲ್ಲಿ ನನಗ ಯಾರದಾರ ಅವ್ವಾ? ಅವಗ ನೀವು ಇಷ್ಟು ವರ್ಷ ಇದ್ರಿ. ಈಗ ನನಗಿರ್ರಿ" ಎಂದಳು. ನನ್ನ ಮಗಳು ಸುಮ್ಮನೆ ಕೇಳುವವಳಲ್ಲ. ಸಹಿ ಹಾಕುತ್ತೇನೆ ಎಂದೆ.

ಮಗನಿಗೆ ಹೇಳುವುದು ಹೇಗೆ ಎಂದು ನಾವಿಬ್ಬರೂ ಎರಡು ದಿನ ಒಬ್ಬರನ್ನೊಬ್ಬರು ಮುಂದೆ ತಳ್ಳಿದೆವು. ಕೊನೆಗೆ ಚಿಕ್ಕ ಮಗಳೇ ತಾಂಡೂರಿನಲ್ಲಿ ಅವನು ಮಾಲು ಇಳಿಸಿ ಊಟಕ್ಕೆ ಬಂದಾಗ ಹೇಳಿಬಿಟ್ಟಳಂತೆ. ಸಂಜೆ ಮನೆಗೆ ಬಂದವನು ಕೈಕಾಲು ತೊಳೆದು, ತಲೆಯ ಧೂಳು ಕೊಡವಿ, ತಟ್ಟೆಯ ಮುಂದೆ ಕೂತ.

"ಹಾಕು ಅವ್ವಾ ಸಹಿ" ಎಂದ. "ಕಾಗದ ಅದು. ನೀ ಏನು ಕಾಗದ ನೋಡಿ ನನಗ ಅನ್ನ ಹಾಕಿದಿ?"

ಅದಕ್ಕೂ ನನಗೆ ಸಿಟ್ಟು ಬಂತು. ಮಗನಾದವನು ಒಂದು ಮಾತು ಜಗಳ ಆಡಬಾರದೇ? ತಟ್ಟೆ ನೂಕಿ ಎದ್ದು ಹೋಗಬಾರದೇ? ಇವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡು, ಯಾವತ್ತು ಹೋಗಬೇಕು ಹೇಳ್ರಿ, ಗಾಡಿ ಖಾಲಿ ಇಟ್ಕೊತೀನಿ ಎಂದು ಅಪ್ಪನನ್ನು ಕೇಳಿದ. ನಾನು ಆ ದಿನ ಪಲ್ಯಕ್ಕೆ ಉಪ್ಪು ಹಾಕಿರಲಿಲ್ಲ, ಅದನ್ನೂ ಅವನು ಹೇಳಲಿಲ್ಲ.

ಜಹೀರಾಬಾದಿನ ಕೋರ್ಟಿನ ಎದುರು ತಗಡಿನ ನೆರಳಲ್ಲಿ ನೋಟರಿ ವಕೀಲರು ಕೂರುತ್ತಾರೆ. ಮಗನ ಗಾಡಿಯಲ್ಲೇ ಹೋದೆವು, ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು. ಏಜೆಂಟ್ ಕಾಗದ ಟೈಪ್ ಮಾಡಿಸಿ ಇಟ್ಟಿದ್ದ. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡಕ್ಕೆ ತಿರುಗಿಸಿ, ಸತ್ಯನಾರಾಯಣ ಪೂಜೆಯ ಮಂತ್ರ ಓದಿದ ಹಾಗೆ ಗಡಗಡ ಓದಿದ. ನಮಗೆ ಇಬ್ಬರೇ ಮಕ್ಕಳು, ಇಬ್ಬರೂ ಹೆಣ್ಣು. ಸದರಿ ವ್ಯಕ್ತಿ ನಮ್ಮ ಮಗನಲ್ಲ, ದತ್ತಕನೂ ಅಲ್ಲ, ಅವನ ಹೆಸರು ನಮ್ಮ ದಾಖಲೆಗಳಲ್ಲಿ ತಪ್ಪಾಗಿ ಸೇರಿದೆ. ಸದರಿ ವ್ಯಕ್ತಿ ಅಷ್ಟರಲ್ಲಿ ನನಗೆ ಬಿಸಿಲು ತಾಗುತ್ತದೆಂದು ಕುರ್ಚಿಯನ್ನು ನೆರಳಿಗೆ ಎಳೆದು ಹಾಕಿದ.

ನಮ್ಮವರು ಟಿಕೆಟ್ ಹರಿಯುವ ವೇಗದಲ್ಲಿ ಸಹಿ ಹಾಕಿ ಪೆನ್ನು ನನ್ನ ಕಡೆ ನೂಕಿದರು. ನಾನು ಹಿಡಿದುಕೊಂಡೆ. ಅಷ್ಟರಲ್ಲಿ ನೋಟರಿ, ಈ ಗಂಡಹೆಂಡಿರ ಗುರುತು ಹೇಳಿ ಸಹಿ ಹಾಕುವವರು ಒಬ್ಬರು ಬೇಕಲ್ಲ ಎಂದರು. ಏಜೆಂಟ್ ಹೇಳಿಟ್ಟಿದ್ದ ಮನುಷ್ಯ ಬಂದಿರಲಿಲ್ಲ. ನೋಟರಿ ಸುತ್ತ ನೋಡಿ, ಗಾಡಿಯ ಕೀಲಿ ತಿರುಗಿಸುತ್ತಾ ನಿಂತಿದ್ದ ಮಗನನ್ನು ಕರೆದರು.

"ನೀವು ಬಲ್ಲಿರೇನು ಇವರನ್ನ?"

"ಹೌದ್ರಿ."

"ಇವರಿಗಿ ನೀವು ಏನಾಗಬೇಕು?"

"ಮಗ್ರಿ" ಎಂದ.

ಟೈಪಿಸ್ಟ್ ಕಿಸಕ್ಕೆಂದ. ನೋಟರಿ ಕನ್ನಡಕ ಏರಿಸಿ ಕಾಗದ ನೋಡಿದರು, ಅವನನ್ನು ನೋಡಿದರು. "ಮತ್ತ ಇದು ಯಾರ ಬಗ್ಗಿ ಬರೆದದ್ದು?" ಏಜೆಂಟ್ ಮಗನ ತೋಳು ತಿವಿದು, "ಅಣ್ಣನ ಮಗ ಅನ್ರಿ, ಅಣ್ಣನ ಮಗ" ಎಂದು ಹಲ್ಲು ಕಡಿದ.

ಮಗನ ಕಿವಿಯೆಲ್ಲ ಕೆಂಪಾಯಿತು. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ನನ್ನ ಕಡೆ ಕೈ ಮಾಡಿದ, ಕಣ್ಣು ಮಾತ್ರ ನೆಲದ ಮೇಲೆ.

"ತಪ್ಪಾತ್ರಿ, ಸಾಹೇಬ್ರ. ಇವ್ರು ನಮಗ ಕಾಕು ಆಗಬೇಕು, ನಮ್ಮ ಚಿಕ್ಕಪ್ಪನ ಹೆಂಡ್ತಿ" ಎಂದ. ಸಾಲದೇನೋ ಎಂದು ಇನ್ನೊಮ್ಮೆ ಹೇಳಿದ. "ಕಾಕು."

ಮಾತು ಬಂದಾಗಿನಿಂದ ನನ್ನನ್ನು ಅವ್ವಾ, ನೀ, ಬಾ, ಹೋಗು ಎಂದವನು. 'ಇವ್ರು' ಅಂದ. ನಮಗೆ ಟಿಕೆಟ್ ಸಿಗಲಿ ಎಂದು ಈ ಹುಡುಗ ತನ್ನ ಬಾಯಿಂದಲೇ ತನ್ನನ್ನು ಮನೆಯ ಹೊರಗೆ ನಿಲ್ಲಿಸಿಕೊಂಡಿದ್ದ, ಅದೂ ಎರಡೆರಡು ಸಲ.

"ಯಾರ್ಲೇ ನಿನ್ನ ಕಾಕು?" ಎಂದು ಕೂಗಿದೆ. ಕೋರ್ಟಿನ ಮುಂದಿನ ಜನವೆಲ್ಲ ತಿರುಗಿ ನೋಡಿತು. ನೋಡಲಿ. ಎದ್ದು ಅವನ ಭುಜಕ್ಕೆ ಒಂದು ಬಿಟ್ಟೆ. "ಇನ್ನೊಮ್ಮೆ ಅನ್ನು, ಹಲ್ಲು ಉದುರಸ್ತೀನಿ!" ಅವನು ಏಟು ತಿಂದು, "ಅವ್ವಾ, ಸುಮ್ಕಿರು, ಮಂದಿ ನೋಡ್ಲತ್ತಾರ" ಎಂದ.

ಏಜೆಂಟ್, ಟೈಪಿನ ಖರ್ಚು, ನೋಟರಿ ಫೀಜು ಎಂದು ಶುರು ಮಾಡಿದ. ಅದನ್ನು ನಿನ್ನ ಕಾಂಗರೂವಿನ ಹತ್ತಿರ ಕೇಳು ಎಂದೆ. ನಮ್ಮವರು ತಾವು ಸಹಿ ಹಾಕಿದ ಕಾಗದವನ್ನು ಮೇಜಿನಿಂದ ಎತ್ತಿಕೊಂಡು, ನಾಲ್ಕಾಗಿ ಹರಿದು, ಚೂರುಗಳನ್ನು ಜೇಬಿಗೆ ಹಾಕಿಕೊಂಡರು. ಮೊಮ್ಮಗಳನ್ನು ನೆನೆಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ಆಗ ಮಾತ್ರ ಅವರನ್ನು ಗೇಲಿ ಮಾಡುವ ಮನಸ್ಸಾಗಲಿಲ್ಲ.

ಅಲ್ಲಿಂದಲೇ ಮಗಳಿಗೆ ಫೋನು ಹಚ್ಚಿದೆ. ಅವಳು ಎತ್ತಿದ ಕೂಡಲೆ, "ಸಹಿ ಆತೇನವ್ವಾ?" ಎಂದಳು.

"ಇಲ್ಲ. ಅರ್ಜಿನಾಗ ಮೂವರು ಮಕ್ಕಳು ಅಂತ ಬರಿ."

ಅವಳ ಹಿಂದೆ ಕೂಸು ಏನೋ ಹಾಡಿಕೊಳ್ಳುತ್ತಿದ್ದದ್ದು ಕೇಳಿಸಿತು.

"ಹಂಗ ಬರದ್ರ ನೀವು ಇಲ್ಲಿ ಬಂದು ಇರಾಕ ಆಗಂಗಿಲ್ಲ, ಅವ್ವಾ."

"ಗೊತ್ತದ ತಾಯಿ" ಎಂದೆ. "ಮೂವರು ಅಂತೇ ಬರಿ."