ಲೀಟರಿಗೆ ಐದು ಕುಡ್ತೆ

ಆ ದಿನದ ರಾಗಿ ಮಣ್ಣಿ, ಆರಿದ ಮೇಲೆ ತುಂಡು ಮಾಡಿ ತಿನ್ನುವ ಸಿಹಿ, ಹಾಳಾದದ್ದು ನನ್ನಿಂದ. ಅತ್ತಿಗೆಯ ಕೈ ಸರಿಯಾಗಿಯೇ ಇತ್ತು, ನನ್ನ ನಾಲಿಗೆ ಉದ್ದ. ಇದನ್ನು ಮೊದಲೇ ಒಪ್ಪಿಕೊಂಡರೆ ಉಳಿದದ್ದನ್ನು ನಗುತ್ತಾ ಹೇಳಬಹುದು.

ಸೇರು ಹೋಗಿ ಲೀಟರು ಬಂದ ಹೊಸತು. ಬೆಳ್ತಂಗಡಿಯಿಂದ ನಮ್ಮ ಬಂಟ್ವಾಳದ ಮನೆಗೆ ಮದುವೆಯಾಗಿ ಬಂದು ಆರು ತಿಂಗಳಾದರೂ ಅತ್ತಿಗೆಗೆ ಒಲೆಯ ಮುಂದೆ ಒಬ್ಬರೇ ನಿಲ್ಲುವ ಭಾಗ್ಯವಿಲ್ಲ. ಅಜ್ಜಿ ಬಿಡಬೇಕಲ್ಲ. ಕೊನೆಗೆ ಅತ್ತಿಗೆಯ ಅಪ್ಪ ಬರುವ ದಿನ ಮಣ್ಣಿ ಮಾಡಲಿ, ತಾನು ಬಾಯಿ ಹಾಕುವುದಿಲ್ಲ, ಸರಿಯಾದರೆ ಒಲೆ ಬಿಟ್ಟುಕೊಡುವ ಎಂದರು ಅಜ್ಜಿ. ಅತ್ತಿಗೆ ಗ್ರಾಮಸೇವಿಕೆ ಹಂಚಿದ್ದ ಅಡುಗೆಯ ಹಾಳೆ ತೆಗೆದರು. ರಾಗಿಹಾಲು, ತೆಂಗಿನಹಾಲು ಸೇರಿ ಸಾವಿರದ ಇನ್ನೂರು ಮಿಲಿಲೀಟರ್ ಅಂತೆ. ನಮ್ಮಲ್ಲಿ ಇದ್ದದ್ದು ಅಜ್ಜಿಯ ಕುಡ್ತೆ ಒಂದೇ, ತೆಂಗಿನ ಗೆರಟೆಯನ್ನು ಉಜ್ಜಿ ನುಣುಪು ಮಾಡಿದ ಅಳತೆ.

ನಾನಿದ್ದೇನಲ್ಲ ಎಂದು ಪೇಟೆಯ ಎಣ್ಣೆ ಅಂಗಡಿಗೆ ಓಡಿದೆ. ಅಂಗಡಿಯವರನ್ನು ಕಾಡಿ, ಅವರ ಕುಡ್ತೆಯಿಂದ ಹೊಸ ಲೀಟರಿನ ಡಬ್ಬಿ ತುಂಬಿಸಿದೆ. ಐದು ಹಿಡಿಯಿತು. ಹಾಗಾದರೆ ಮಣ್ಣಿಗೆ ಆರು. ಗೆರಟೆ ಒಂದೊಂದು ಮರದ್ದು ಒಂದೊಂದು ಗಾತ್ರ ಎಂಬುದು, ದಿನಾ ತೆಂಗಿನಕಾಯಿ ಸುಲಿಯುವ ನನಗೆ ಹೊಳೆಯಲೇ ಇಲ್ಲ. ಅಜ್ಜಿಯ ಒಂದು ಕುಡ್ತೆ ಅಂಗಡಿಯ ಒಂದೂವರೆಗೆ ಸಮ.

ಅಜ್ಜಿಯ ಆ ಕುಡ್ತೆಯಲ್ಲೇ ಆರು ಹೊಯ್ಯಿಸಿದೆ. ಅಜ್ಜಿ ಅಡುಗೆಕೋಣೆಯ ಬಾಗಿಲಲ್ಲಿ ಕುಳಿತು ಬಸಳೆ ಹೆಚ್ಚುತ್ತಿದ್ದರು. ನಾನು ಅಣ್ಣನ ವಾಚು ಕಟ್ಟಿಕೊಂಡು ಒಲೆಯ ಪಕ್ಕ ನಿಂತು, ಗ್ರಾಮಸೇವಿಕೆಯ ಸ್ವರದಲ್ಲಿ ಹಾಳೆ ಓದಿದೆ: "ಇಪ್ಪತ್ತೈದು ನಿಮಿಷಗಳ ತರುವಾಯ ಇಳಿಸತಕ್ಕದ್ದು."

"ಇನ್ನೂ ತೆಳು ಉಂಟು ಮಾರಾಯ, ಸ್ವಲ್ಪ ಕಾಯುವ" ಎಂದರು ಅತ್ತಿಗೆ.

ನಾನು ವಾಚು ತೋರಿಸಿದೆ. ಸರ್ಕಾರದ ಹಾಳೆ, ಸ್ವಿಸ್ ವಾಚು, ನನ್ನ ಮುಖ. ಮೂರನ್ನೂ ಒಟ್ಟಿಗೆ ಎದುರಿಸಲಾಗದೆ ಪಾಪ, ಇಳಿಸಿಬಿಟ್ಟರು.

ಮಧ್ಯಾಹ್ನ ಬಟ್ಟಲಲ್ಲಿ ಚೂರಿ ಎಳೆದರೆ, ಗೆರೆ ಹಿಂದಿನಿಂದಲೇ ಮುಚ್ಚಿಕೊಳ್ಳುತ್ತಾ ಬಂತು. ಎಲೆಗೆ ಬಡಿಸಿದ್ದು ಉಪ್ಪಿನಕಾಯಿಯನ್ನು ಸುತ್ತುಹಾಕಿ ನೆಲದ ಕಡೆ ಹೊರಟಿತು. ಅತ್ತಿಗೆಯ ಅಪ್ಪ ಒಂದು ಲೋಟ ಕೇಳಿ ಪಡೆದು, ಬೆಳ್ತಂಗಡಿಯಲ್ಲಿ ನಾವಿದನ್ನು ತಿನ್ನುವುದು, ಇಲ್ಲಿ ಕುಡಿಯುವ ಕ್ರಮವೋ ಏನೋ ಎಂದು ಮರ್ಯಾದೆಯಿಂದ ಕುಡಿದರು. ಅತ್ತಿಗೆಯ ಕಣ್ಣು ತುಂಬಿತ್ತು. ಒಲೆ ಕೈತಪ್ಪಿದ ಹಾಗೆಯೇ.

ನಾನು ಸುಮ್ಮನಿರಬೇಕಿತ್ತು. ಮತ್ತೆ ಗ್ರಾಮಸೇವಿಕೆಯ ಸ್ವರ ತೆಗೆದು, ದಶಮಾಂಶ ಪದ್ಧತಿಯಲ್ಲಿ ಮಣ್ಣಿ ಹೀಗೆಯೇ ಇರತಕ್ಕದ್ದು ಎಂದು ವಿವರಿಸತೊಡಗಿದೆ.

ಅಜ್ಜಿ ನನ್ನ ಕಡೆ ನೋಡಲೂ ಇಲ್ಲ. ಅತ್ತಿಗೆಗೆ ಹೇಳಿದರು:

"ತೆಳು ಉಂಟು ಅಂತ ನೀನು ಹೇಳಿದ್ದು ನನಗೆ ಕೇಳಿದೆ ಮಗಾ. ನಾಳೆಯಿಂದ ಒಲೆ ನಿನಗೆ, ಕುಡ್ತೆಯೂ ನಿನಗೆ. ಈ ಲೀಟರನ್ನು ಮಾತ್ರ ಜಗಲಿಯಿಂದ ಒಳಗೆ ಸೇರಿಸಬೇಡ."