ಮಗ್ಗ ನಿಂತಾಗ ಹೋದ ಮಾತು

ಬನಹಟ್ಟಿಯ ನಮ್ಮ ಮನೆಯಲ್ಲಿ ಪವರ್‌ಲೂಮ್ ಓಡುವಾಗ ಯಾರ ಮಾತೂ ಕೇಳಿಸದು. ಅಪ್ಪ, ಅವ್ವ ಕೈಸನ್ನೆಯಲ್ಲೇ ಮಾತಾಡುತ್ತಾರೆ. ಹೈಸ್ಕೂಲಿನ ವಿಜ್ಞಾನ ಸ್ಪರ್ಧೆಯಲ್ಲಿ ಭಾಷಾವಿಜ್ಞಾನವೂ ಇದೆ ಎಂದು ತಿಳಿದಾಗ ನಾನು ಆ ಸನ್ನೆಗಳನ್ನೇ ಆರಿಸಿಕೊಂಡೆ. ಸ್ಪರ್ಧೆಗೆ ಅವುಗಳ ವಿಡಿಯೊ ಕಳಿಸುವ ಕೊನೆಯ ದಿನ, ಗದ್ದಲ ಬೇಡವೆಂದು ಹಟ ಹಿಡಿದು ಮಗ್ಗ ನಿಲ್ಲಿಸಿದೆ. ಮೊಬೈಲಿನ ಮುಂದೆ ಅವ್ವ ಬಾಯಿಂದಲೇ ಹೇಳತೊಡಗಿದಳು.

“ಕೈಲೆ ಹೇಳಬೇ!” ಎಂದು ರೇಗಿದೆ.

“ಮಗ್ಗ ನಿಂತಾವಲ್ಲ, ಕೈ ಯಾಕ ಬೇಕು?”

ಪ್ರಯತ್ನಿಸಿದಳು, ಒಂದು ಸನ್ನೆಯೂ ನೆನಪಾಗಲಿಲ್ಲ. ಮತ್ತೆ ಮಗ್ಗ ಓಡಿಸೋಣವೆಂದರೆ ಕರೆಂಟ್ ಹೋಗಿತ್ತು.

ಕರೆಂಟ್ ಬರುವಷ್ಟರಲ್ಲಿ ಗಡುವು ಮುಗಿದಿತ್ತು. ಮಗ್ಗಗಳು ಓಡತೊಡಗಿದವು. ಆಚೆ ಬದಿಯಿಂದ ಅವ್ವ ಬೆರಳು ಬಿಚ್ಚಿ, ಅಂಗೈ ಹೊರಳಿಸಿ, ಕಳಿಸಿದೆಯಾ ಎಂದು ಕೇಳಿದಳು. ಎಷ್ಟು ಸ್ಪಷ್ಟವಾಗಿತ್ತು ಆ ಸನ್ನೆ! ಇಲ್ಲವೆಂದು ನಾನೂ ಕೈಯಾಡಿಸಿದೆ.