ಫುಟ್‌ಬೋರ್ಡ್ ಮೇಲೆ ನಿಂತ ಇನ್‌ಸ್ಪೆಕ್ಟರ್

ಶಾಲಾ ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ಬಾಗಿಲಲ್ಲಿ ನಿಂತಾಗ ನನ್ನ ಒಂಬತ್ತನೇ ತರಗತಿ ಬಸ್ಸಾಗಿಬಿಟ್ಟಿತ್ತು. ಬೆಂಚುಗಳನ್ನು ಎರಡು ಸಾಲು ಮಾಡಿ, ನಡುವೆ ದಾರಿ ಬಿಟ್ಟು, ಹೆಬ್ಬಾಳದಿಂದ ಯಶವಂತಪುರಕ್ಕೆ ಹೊರಟಿದ್ದೆವು. ಬಸ್ಸಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವಂತಿಲ್ಲ, ಅದೊಂದೇ ನಿಯಮ.

ಪಾಠವೆಂದರೆ ಕೈಕಟ್ಟಿ ಕೂತು ಕೇಳುವುದು ಎಂದೇ ನಂಬಿದ್ದ ಎಪ್ಪತ್ತರ ದಶಕವದು. ನನ್ನ ಕೆಲಸವಂತೂ ಇನ್ನೂ ಕಾಯಂ ಆಗಿರಲಿಲ್ಲ. ಈ ಗಲಾಟೆ ನೋಡಿ ಅವರು ಒಂದು ಸಾಲು ಬರೆದರೆ ಮುಗಿಯಿತು.

ಅವತ್ತಿನ ಕಂಡಕ್ಟರ್ ಕೆಂಪಾಪುರದ ಜಯಮ್ಮ. ಪಾಠ ಓದಮ್ಮ ಎಂದರೆ ದಾವಣಿಯ ಅಂಚು ಕಚ್ಚಿಕೊಂಡು ನಿಲ್ಲುತ್ತಿದ್ದ ಹುಡುಗಿ. ನಾನು ತಡೆಯುವಷ್ಟರಲ್ಲಿ ಅವಳು ನೇರ ಬಾಗಿಲಿಗೇ ಹೋದಳು.

“ಕಮ್ ಇನ್‌ಸೈಡ್, ಸರ್! ಡೋಂಟ್ ಸ್ಟ್ಯಾಂಡ್ ಆನ್ ದಿ ಫುಟ್‌ಬೋರ್ಡ್!”

ಇನ್‌ಸ್ಪೆಕ್ಟರ್ ತಮ್ಮ ಕಾಲಡಿಯ ಹೊಸ್ತಿಲನ್ನೊಮ್ಮೆ ನೋಡಿದರು. ಆಮೇಲೆ ಒಳಗೆ ಬಂದು ಬೆಂಚಿನ ತುದಿ ಹಿಡಿದು ನಿಂತು, “ಸಾರಿ. ಯಶವಂತಪುರ, ಒನ್ ಟಿಕೆಟ್ ಪ್ಲೀಸ್” ಎಂದರು. ಜಯಮ್ಮ ಕಾಗದದ ಚೂರು ಹರಿದು ಕೊಟ್ಟು, “ರೈಟ್, ರೈಟ್!” ಎಂದು ಕೂಗಿದಳು.

ಯಶವಂತಪುರ ಬಂದಾಗ ಅವರು ಇಳಿದು ನನ್ನ ಬಳಿ ಬಂದರು. “ನಾನ್ ಬಂದೆ ಅಂತ ಬಸ್ ನಿಲ್ಲಿಸ್ಬೇಡಿ ಕಣ್ರೀ ಮೇಷ್ಟ್ರೇ. ಓಡ್ಲಿ” ಎಂದು ಮೆಲ್ಲಗೆ ಹೇಳಿ ಹೊರಟುಹೋದರು. ಹೋದ ಜೀವ ಬಂದಂತಾಯಿತು.

ಆಮೇಲೆ ನಿವೃತ್ತಿಯವರೆಗೂ ಎಷ್ಟೋ ತಪಾಸಣೆಗಳಾದವು. ಬಾಗಿಲಲ್ಲಿ ನೆರಳು ಬಿದ್ದೊಡನೆ ಬೆಂಚು ನೆಟ್ಟಗೆ ಮಾಡಲು ಓಡುವ ನನ್ನ ಗಡಿಬಿಡಿ ಮಾತ್ರ ಅವತ್ತೇ ಆ ಬಸ್ಸಿನಿಂದ ಇಳಿದುಹೋಯಿತು.